ಲೇತಿಗೆ ಮೋಟಾರು ಹಾಕಿಸಿದ್ದು

ಮೊನ್ನೆ ಲೇತಿನ ಅಡಿಗೆ ಕಸಬರಿಗೆ ಹಾಕಿ ಎಳೆದಾಗ ಮರದ ಪುಡಿಯ ಜೊತೆ ಒಂದು ಗುಲಗಂಜಿ ಉರುಳಿಕೊಂಡು ಬಂತು. ಕೆಂಪು ಮೈ, ಕಪ್ಪು ಕಣ್ಣು. ಎರಡು ವರ್ಷ ಪುಡಿಯೊಳಗೆ ಹೂತು ಕೂತಿದ್ದರೂ ಒರೆಸಿದ ಕೂಡಲೇ ಹೊಸದರ ಹಾಗೆ ಹೊಳೆಯಿತು. ಬಿಸಾಡಲು ಮನಸ್ಸಾಗದೆ ಅಂಗಿಯ ಜೇಬಿಗೆ ಹಾಕಿಕೊಂಡೆ. ಹಾಕಿಕೊಂಡದ್ದನ್ನು ಮರೆತೆ. ಮರುದಿನ ಬಟ್ಟೆ ನೆನೆಹಾಕಲು ಹೋದ ನನ್ನ ಹೆಂಡತಿ ಸಾವಿತ್ರಿ ಅದನ್ನು ಅಂಗೈಯಲ್ಲಿಟ್ಟುಕೊಂಡು ನನ್ನೆದುರು ಬಂದು ನಿಂತಳು.

"ಅರವತ್ತು ದಾಟಿದ ಮೇಲೆ ಗುಲಗಂಜಿ ಆಟ ಸುರು ಆತಾ ನಿಂಗಕ್ಕೆ?"

"ಅದು ಮಾಬ್ಲಣ್ಣಂದು," ಅಂದೆ.

ಅವಳ ನಗು ಅಲ್ಲಿಗೇ ನಿಂತಿತು. ಗುಲಗಂಜಿಯನ್ನು ಮೆಲ್ಲಗೆ ಕಿಟಕಿಯ ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ನಮ್ಮ ಮನೆಯಲ್ಲಿ ಆ ಹೆಸರು ಬಂದರೆ ಈಗೀಗ ಹೀಗೇ. ಯಾರಾದರೊಬ್ಬರು ಎದ್ದು ಒಳಗೆ ಹೋಗುತ್ತೇವೆ.

ಮಾಬ್ಲಣ್ಣ ಯಾರೆಂದು ಹೇಳುತ್ತೇನೆ. ಅದಕ್ಕೂ ಮೊದಲು ಗುಲಗಂಜಿಯದ್ದೇ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಜೀವನದ ಮೊದಲ ವ್ಯಾಪಾರ ಅದು. ಹೆಗ್ಗರಣೆಯ ಶಾಲೆಯಲ್ಲಿ ನಮ್ಮ ಮಾಸ್ತರರು ಲೆಕ್ಕ ಕಲಿಸಲು ಪ್ರತಿಯೊಬ್ಬರೂ ಇಪ್ಪತ್ತು ಬೀಜ ತರಬೇಕೆಂದು ಕಟ್ಟು ಮಾಡಿದ್ದರು. ಹುಣಸೆಯದ್ದಾದರೂ ಸೈ, ಗುಲಗಂಜಿಯಾದರೂ ಸೈ. ಮರೆತು ಬಂದವರಿಗೆ ಅಂಗೈ ಮೇಲೆ ಬೆತ್ತ. ನಾನು ದಾರಿಯ ಬೇಲಿಯಲ್ಲಿ ಬಿಡಿಸಿದ ಗುಲಗಂಜಿಯನ್ನು ಚಡ್ಡಿಯ ಎರಡೂ ಜೇಬಿನಲ್ಲಿ ತುಂಬಿಕೊಂಡು ಶಾಲೆಯ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಬೆಳಿಗ್ಗೆ ಬೇಗ ಬಂದವರಿಗೆ ಇಪ್ಪತ್ತು ಬೀಜಕ್ಕೆ ಸ್ಲೇಟಿನ ಮೇಲೆ ಬರೆಯುವ ಪಾಟಿಕಡ್ಡಿ ಅರ್ಧ. ಗಂಟೆ ಹೊಡೆಯುವ ಹೊತ್ತಿಗೆ ಓಡಿ ಬಂದವರಿಗೆ ಇಡೀ ಪಾಟಿಕಡ್ಡಿ. ಮಾಸ್ತರರ ಸೈಕಲ್ಲು ತಿರುವಿನಲ್ಲಿ ಕಂಡ ಮೇಲೆ ಕೇಳಿದವರಿಗೆ ಪಾಟಿಕಡ್ಡಿಯ ಜೊತೆಗೆ ಒಂದು ಪೇರಲೆಹಣ್ಣು. ಸರಕು ಅದೇ, ಕೇಳುವವನ ಎದೆಬಡಿತ ಹೆಚ್ಚಾದಂತೆ ಬೆಲೆ ಬೇರೆ. ಈ ಪಾಠವನ್ನು ಮಾಸ್ತರರು ಕಲಿಸಿದ್ದಲ್ಲ. ಇದರ ಮೇಲೆಯೇ ನಾನು ಮುಂದೆ ಶಿರಸಿಯಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟೆ, ಮನೆ ಕಟ್ಟಿಸಿದೆ. ಯಾರ ಮುಂದೆಯೂ ಕೈ ಒಡ್ಡದೆ ಅಂಗಡಿ ಮುಚ್ಚಿ, ಹಿತ್ತಲಲ್ಲಿ ತಗಡಿನ ಮಾಡು ಹಾಕಿಸಿಕೊಂಡು, ಈ ಹುಚ್ಚಿಗೆ ಬಿದ್ದೆ.

ಹುಚ್ಚು ಏನೆಂದರೆ ಇದು. ಸಾಮಾನ್ಯ ಲೇತಿನಲ್ಲಿ ಮರ ಗಿರ್ರನೆ ತಿರುಗುತ್ತದೆ, ನಾವು ಉಳಿ ಹಿಡಿದು ನಿಲ್ಲುತ್ತೇವೆ. ಬುಗುರಿ, ಲಟ್ಟಣಿಗೆ, ತೊಟ್ಟಿಲ ಗುಬ್ಬಿ ಎಲ್ಲ ಹಾಗೆಯೇ ಆಗುವುದು. ನನ್ನದರಲ್ಲಿ ಉಲ್ಟಾ. ಮರ ಗಡಿಯಾರದ ಮುಳ್ಳಿನ ಹಾಗೆ ಮೆಲ್ಲಗೆ ತಿರುಗುತ್ತದೆ. ಅದರ ಮೇಲೆ ರೂಟರ್, ಅಂದರೆ ಬಡಗಿಗಳು ಬಾಗಿಲಿನ ಅಂಚಿಗೆ ಗೀರು ಹೊಡೆಯುವ ಆ ಕೂಗುಮಾರಿ ಯಂತ್ರ, ಹಳಿಯ ಮೇಲೆ ಉದ್ದಕ್ಕೂ ಸರಿಯುತ್ತ ಕೊರೆಯುತ್ತದೆ. ಮರ ತಿರುಗುವುದೂ ರೂಟರ್ ಸರಿಯುವುದೂ ಒಂದಕ್ಕೊಂದು ಹೊಂದಿಕೊಂಡರೆ ಕೋಲಿನ ಮೇಲೆ ಬಳ್ಳಿ ಸುತ್ತಿದ ಹಾಗೆ ಗೀರು ಏಳುತ್ತದೆ. ಅಂಥ ಹನ್ನೆರಡು ಗೀರು ಅಕ್ಕಪಕ್ಕ ಬಿದ್ದರೆ ಒಂದು ಊರುಗೋಲು ಅರಮನೆಯ ಕಂಬವಾಗುತ್ತದೆ. ಕುಂಕುಮದ ಭರಣಿಯ ಮುಚ್ಚಳ ಸೇವಂತಿಗೆಯಾಗುತ್ತದೆ. ಯಾರಿಗೆ ಬೇಕು ಅಂತ ಕೇಳಬೇಡಿ. ಸಾವಿತ್ರಿ ಕೇಳಿಯಾಗಿದೆ.

ಲೇತು ಸಿಕ್ಕಿದ್ದು ಯಲ್ಲಾಪುರದಲ್ಲಿ ಬಾಗಿಲು ಹಾಕುತ್ತಿದ್ದ ಒಂದು ಬಡಗಿ ಶೆಡ್ಡಿನಲ್ಲಿ. ರೂಟರನ್ನು ಅದರ ಮೇಲೆ ಕೂರಿಸಿದ್ದು ನಾನೇ. ಹಲಸಿನ ಹಲಗೆಯ ಹಳಿ, ಹಳೇ ಸ್ಕೂಟರಿನ ಕ್ಲಚ್ ತಂತಿ, ಬಾವಿಯ ಗಡಗಡೆ. ತಂತಿಯ ಒಂದು ತುದಿ ಮರ ತಿರುಗಿಸುವ ಉರುಳೆಗೆ, ಇನ್ನೊಂದು ತುದಿ ರೂಟರಿಗೆ. ಪಕ್ಕದಲ್ಲೊಂದು ಹಿಡಿಕೆ. ಹಿಡಿಕೆ ತಿರುಗಿಸಿದರೆ ಎರಡೂ ಒಟ್ಟಿಗೆ ಹೊರಡುತ್ತಿದ್ದವು. ಆದರೆ ನಾನು ಹಿಡಿಕೆ ತಿರುಗಿಸಿದರೆ ರೂಟರ್ ಒತ್ತುವವರು ಯಾರು? ರೂಟರ್ ಒತ್ತಿದರೆ ಹಿಡಿಕೆ ತಿರುಗಿಸುವವರು ಯಾರು? ಅದೂ ತಿರುಗಿಸುವ ಕೈ ಒಂದೇ ಹದದಲ್ಲಿ ಹೋಗಬೇಕು. ಬೇಗ ಹೋದರೆ ಮರ ಸಿಗಿದು ಹೋಗುತ್ತದೆ, ನಿಧಾನವಾದರೆ ಸುಡುತ್ತದೆ.

ಆಗ ಒದಗಿದವನು ಭೈರುಂಬೆಯ ಮಾಬ್ಲಣ್ಣ. ನನಗಿಂತ ಎರಡು ವರ್ಷ ಹಿರಿಯ. ನಲವತ್ತು ವರ್ಷ ಮೂರು ತಾಲೂಕಿನ ಮದುವೆ ಮುಂಜಿಗಳಲ್ಲಿ ಅಡಿಗೆ ಮಾಡಿದವ. ಒಮ್ಮೆ ತನ್ನ ಗ್ರೈಂಡರಿನ ಮೋಟಾರು ಹೊತ್ತು ತಂದಾಗ ಈ ಯಂತ್ರ ನೋಡಿ, ಸುಮ್ಮನೆ ಹಿಡಿಕೆ ಹಿಡಿದು ತಿರುಗಿಸಿದ. ನಾನು ರೂಟರ್ ಹಚ್ಚಿದೆ. ಗೀರು ಬೆಣ್ಣೆಯ ಮೇಲೆ ಬೆರಳೆಳೆದ ಹಾಗೆ ಬಂತು. ಅಷ್ಟು ವರ್ಷ ಹಲ್ವದ ಕೊಪ್ಪರಿಗೆಯಲ್ಲಿ ಸಟ್ಟುಗ ತಿರುವಿದ ಕೈ ಅದು. ಬೆಂಕಿ ಹೆಚ್ಚಾದರೂ ಕಡಿಮೆಯಾದರೂ ಕೈಯ ಓಟ ಬದಲಾಗಬಾರದೆಂದು ಕಲಿತ ಕೈ.

"ಇದು ಎಂತದೂ ಅಲ್ದಾ ಶ್ರೀಪಾದಾ," ಅಂದ. "ಹಲ್ವಕ್ಕಿಂತ ಸಸಾರ. ಇದು ತಳ ಹತ್ತಿಲ್ಲೆ."

ಅಂದಿನಿಂದ ಪ್ರತಿ ಗುರುವಾರ ಮೊದಲ ಬಸ್ಸಿಗೆ ಬರುತ್ತಿದ್ದ. ಗೀರಿನ ಲೆಕ್ಕ ತಪ್ಪಬಾರದೆಂದು ಎರಡು ತೆಂಗಿನ ಗರಟೆ ಇಟ್ಟುಕೊಂಡಿದ್ದ. ಒಂದು ಗೀರು ಮುಗಿದರೆ ಒಂದು ಗುಲಗಂಜಿ ಎಡಗಡೆಯ ಗರಟೆಯಿಂದ ಬಲಗಡೆಯದಕ್ಕೆ. ಹನ್ನೆರಡರಲ್ಲಿ ಒಂದು ಎಲ್ಲೋ ಉರುಳಿ ಹೋದಾಗ ಅದರ ಬದಲಿಗೆ ಒಂದು ಕಾಳುಮೆಣಸು ಸೇರಿಸಿಕೊಂಡ. "ಇಂವ ಒಬ್ಬ ಖಾರದಂವ ಬೇಕು ಪಂಕ್ತಿಯಲ್ಲಿ," ಅನ್ನುತ್ತಿದ್ದ. ಹಿಡಿಕೆ ತಿರುಗುವಷ್ಟು ಹೊತ್ತೂ ಬಾಯಿ ಸುಮ್ಮನಿರುತ್ತಿರಲಿಲ್ಲ. ಯಾವ ಮದುವೆಯಲ್ಲಿ ಪಾಯಸಕ್ಕೆ ಉಪ್ಪು ಬಿತ್ತು, ಯಾವ ಬೀಗರು ಎಷ್ಟು ಹೋಳಿಗೆ ತಿಂದು ಎಲೆಯ ಮುಂದೆಯೇ ಒರಗಿದರು, ಎಲ್ಲ ರೂಟರಿನ ಕೂಗಿಗಿಂತ ಒಂದು ಶ್ರುತಿ ಮೇಲೆ.

ಇದಕ್ಕೆ ಕೂಲಿ ಗೀಲಿ ಇರಲಿಲ್ಲ. ಮುಯ್ಯಾಳು. ನಮ್ಮ ಕಡೆ ಗೊತ್ತಿರುವ ಕ್ರಮ. ಇವತ್ತು ನೀನು ನನ್ನ ಕೆಲಸಕ್ಕೆ ಬಂದರೆ ನಾಳೆ ನಾನು ನಿನ್ನ ಕೆಲಸಕ್ಕೆ ಬರಬೇಕು. ಆಳಿಗೆ ಆಳು, ದಿನಕ್ಕೆ ದಿನ. ಮಾಬ್ಲಣ್ಣನ ಕೆಲಸ ಅಪ್ಪೆಮಿಡಿಯದ್ದು. ಶಾಲ್ಮಲೆಯ ದಂಡೆಯಲ್ಲಿ ಅವನದೊಂದು ಮಾವಿನಮರ. ಅದರ ಮಿಡಿಯ ಉಪ್ಪಿನಕಾಯಿ ವರ್ಷವಿಟ್ಟರೂ ಮೆತ್ತಗಾಗುವುದಿಲ್ಲ. ಮಿಡಿಯನ್ನು ಉದುರಿಸುವ ಹಾಗಿಲ್ಲ, ನೆಲಕ್ಕೆ ಬಿದ್ದರೆ ತೊಟ್ಟು ಮುರಿದು ಸೊನೆ ಹೋಗುತ್ತದೆ. ಆಮೇಲೆ ಅದು ಗೊಜ್ಜಿಗೂ ಬಾರದು. ಒಬ್ಬ ಮೇಲೆ ಕೊಂಬೆಯ ಕವಲಲ್ಲಿ ನಿಂತು ತೊಟ್ಟು ಸಮೇತ ಕೊಯ್ದು ಚೀಲಕ್ಕೆ ಹಾಕಬೇಕು. ಚೀಲ ತುಂಬಿದ ಮೇಲೆ ಹಗ್ಗದಲ್ಲಿ ಇಳಿಸಬೇಕು. ಕೆಳಗಿನವನು ಹಗ್ಗ ಹಿಡಿದು, ಚೀಲ ಎಲ್ಲೂ ಸಿಕ್ಕಿಕೊಳ್ಳದ ಹಾಗೆ ಎಳೆದು ಬಿಟ್ಟು ಮಾಡಿ, ಸೊಪ್ಪು ಹಾಸಿದ ಬುಟ್ಟಿಗೆ ಸುರಿದುಕೊಳ್ಳಬೇಕು. ಹಗ್ಗದ ತುದಿಯ ಆಳು ನಾನು. ಮೇಲಿಂದ ಚಗಳಿ ಇರುವೆ ಸುರಿಯುತ್ತಿದ್ದವು, ಸೊನೆ ಬಿದ್ದಲ್ಲಿ ಚರ್ಮ ಸುಡುತ್ತಿತ್ತು. ನಾನು ಬೈಯುತ್ತಿದ್ದೆ, ಅವನು ಮೇಲಿನಿಂದ ನಗುತ್ತಿದ್ದ.

"ಬೈಯ್ಯಿ ಬೈಯ್ಯಿ. ಹಗ್ಗ ಮಾತ್ರ ಬಿಡಡ!"

ಇಷ್ಟಕ್ಕೆ ತೃಪ್ತಿಯಾಗಿ ಇದ್ದಿದ್ದರೆ ಈ ಬರಹವೇ ಬೇಕಿರಲಿಲ್ಲ. ಆದರೆ ನನ್ನದು ಸುಧಾರಿಸುವ ಜಾತಕ. ಒಂದು ಯಂತ್ರ ಇದ್ದ ಹಾಗೆ ಇದ್ದರೆ ನನ್ನ ಕೈ ತಾನಾಗಿ ಪಾನಾ ಹುಡುಕುತ್ತದೆ. ಮೊದಲು ಹಲಸಿನ ಹಳಿ ಕಣ್ಣಿಗೆ ಚುಚ್ಚಿತು. ಸೆಖೆಯಲ್ಲಿ ಬಿಗಿ, ಮಳೆಯಲ್ಲಿ ಇನ್ನೂ ಬಿಗಿ. ಹುಬ್ಬಳ್ಳಿಯ ಗುಜರಿಯಲ್ಲಿ ಮುಚ್ಚಿದ ಕಾರ್ಖಾನೆಯ ಉಕ್ಕಿನ ಹಳಿಗಳು ಬಂದಿವೆ ಎಂದು ಗೊತ್ತಾಗಿ ಮಾಬ್ಲಣ್ಣನನ್ನೂ ಕರೆದುಕೊಂಡು ಹೋದೆ. ಗುಜರಿಯಲ್ಲಿ ವ್ಯಾಪಾರ ಮಾಡುವ ರೀತಿ ನಿಮಗೂ ಹೇಳಿಕೊಡುತ್ತೇನೆ. ಬೇಕಾದದ್ದರ ಕಡೆ ಕಣ್ಣು ಹಾಯಿಸಬಾರದು. ಬೇಡದ ಒಂದು ಸಾಮಾನನ್ನು ಎತ್ತಿ, ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಬೆಲೆ ಕೇಳಿ, ಮೋರೆ ಹುಳಿ ಮಾಡಬೇಕು. ಕೊನೆಗೆ ಹೊರಡುವ ಹೊತ್ತಿಗೆ, ಇದರ ಸಂಗಡ ಆ ಹಾಳು ಕಬ್ಬಿಣವನ್ನೂ ಹಾಕಿಕೊಡಿ ಅನ್ನಬೇಕು. ನಾನು ಒಂದು ಮುರುಕು ತಕ್ಕಡಿ ಎತ್ತಿಕೊಂಡೆ. ಹದಿನೈದು ನಿಮಿಷ ಅದರ ಬಗ್ಗೆಯೇ ಮಾತು. ಕೊನೆಗೆ ಅಂಗಡಿಯವನು ಕೈಯೊರೆಸಿಕೊಂಡು ಹೇಳಿದ:

"ಸರ, ಬಂದಾಗಿಂದ ನಿಮ್ಮ ಕಾಲು ಆ ಹಳಿ ಮ್ಯಾಲ ಐತಿ. ತಕ್ಕಡಿ ಮಾತು ಬಿಡ್ರಿ, ಹಳಿ ಮಾತಾಡೂಣು ಬರ್ರಿ."

ನೋಡಿದರೆ ಹೌದು, ಒಂದು ಕಾಲು ಹಳಿಯ ಮೇಲೇ ಇತ್ತು. ಬೇರೆ ಯಾರೂ ಕೊಂಡೊಯ್ಯಬಾರದೆಂದು ಅದರಷ್ಟಕ್ಕೇ ಹೋಗಿ ನಿಂತಿತ್ತು. ಕೊನೆಗೆ ಹಳಿಯೂ ಬಂತು, ಮರ್ಯಾದೆ ಉಳಿಸಿಕೊಳ್ಳಲು ತಕ್ಕಡಿಯೂ ಬಂತು. ಬಸ್ಸಿನಲ್ಲಿ ತಕ್ಕಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಮಾಬ್ಲಣ್ಣ ಮುಂಡಗೋಡ ದಾಟುವವರೆಗೂ ನಗುತ್ತಲೇ ಇದ್ದ.

"ನೀ ಯಮನ ಹತ್ರನೂ ಚೌಕಾಸಿ ಮಾಡಂವ ಮಾರಾಯಾ. ಅಂವ ಕೋಣ ಬಿಟ್ಟಿಕ್ಕಿ ಹೋಗ್ತ, ಅದೂ ನಿನ್ನ ಮನೆಗೇ ಬತ್ತು."

ಹಳಿ ಬಂದ ಮೇಲೆ ತಂತಿ ಕಣ್ಣಿಗೆ ಬಿತ್ತು. ಎಳೆದೆಳೆದು ಸಡಿಲಾಗುತ್ತದೆ. ಅದರ ಜಾಗಕ್ಕೆ ತಿರುಪಿನ ಸುತ್ತುಗಳಿರುವ ಉದ್ದನೆಯ ಸರಳು, ಹಲ್ಲಿನ ಗಾಲಿಗಳು ಬಂದವು. ಆಮೇಲೆ ವೇಗ ಏರಿಸುವ ಇಳಿಸುವ ಗುಬ್ಬಿಯಿರುವ ಹೊಸ ರೂಟರ್. ರೂಟರ್ ಕೊಳ್ಳುವವರು ನನ್ನ ಮಾತು ಕೇಳಿ, ದೊಡ್ಡದಕ್ಕೆ ಮರುಳಾಗಬೇಡಿ. ಇಂಥ ಕೆಲಸಕ್ಕೆ ಸಣ್ಣದು ಸಾಕು, ಅದರ ತುದಿಯಲ್ಲಿ ಕೊರೆಯುವ ಬಿಟ್ ಮಾತ್ರ ಒಳ್ಳೆಯದಿರಲಿ. ಮೊಂಡ ಬಿಟ್ ಹಾಕಿ ಉಳಿಸಿದ್ದನ್ನೆಲ್ಲ ಮರಳುಕಾಗದದಲ್ಲಿ ಕಳೆಯುತ್ತೀರಿ. ಹೀಗೆ ಒಂದೊಂದೇ ಬದಲಾಗುತ್ತ ಬಂತು. ಕೊನೆಗೆ ಯಂತ್ರದಲ್ಲಿ ಹಳೆಯದಾಗಿ ಉಳಿದದ್ದು ಹಿಡಿಕೆ, ಮತ್ತೆ ಅದನ್ನು ತಿರುಗಿಸುವ ಮಾಬ್ಲಣ್ಣ.

ಸಿದ್ದಾಪುರದ ಪರಿಚಯದವರೊಬ್ಬರು ತಮ್ಮ ಮಾವನವರ ಎಂಬತ್ತರ ಶಾಂತಿಗೆ ಒಂದು ಊರುಗೋಲು ಮಾಡಿಕೊಡಲು ಹೇಳಿದ್ದರು. ಶಿವಣೆಯ ಮರ, ಒಂದು ಗಂಟಿಲ್ಲ. ಹತ್ತು ಗೀರು ಮುಗಿದು ಹನ್ನೊಂದನೆಯದು ನಡುವಿಗೆ ಬಂದಿತ್ತು. ಮಾಬ್ಲಣ್ಣ ಯಾವುದೋ ಉಪನಯನದ ಕಥೆ ಹೇಳುತ್ತಿದ್ದ. ಒಲೆಯ ಮೇಲಿನ ಸಾರಿಗೆ ಮಾಡಿನಿಂದ ಹಲ್ಲಿ ಬಿದ್ದದ್ದು, ವಟುವಿನ ಅಜ್ಜಿ ಅದನ್ನು ಕಂಡದ್ದು. ಕಥೆಯಲ್ಲಿ ಅಜ್ಜಿ ಬಾಯಿ ತೆರೆಯುವ ಹೊತ್ತಿಗೆ ಇವನ ಕೈ ನಿಂತಿತು. ರೂಟರ್ ನಿಂತಲ್ಲೇ ಗಿರ್ರೆಂದಿತು. ಹೊಗೆ ಎದ್ದಿತು. ಕೋಲಿನ ನಡುವೆ ಬೆರಳಗಲದ ಕರಿ.

"ಎಂತ ಮಾರಾಯಾ ನೀನು!" ನಾನು ಕೂಗಿಬಿಟ್ಟೆ.

ಅವನು ಕರಿಯ ಮೇಲೆ ಬೆರಳಾಡಿಸಿದ. "ದೃಷ್ಟಿಬೊಟ್ಟು ಹೇಳಿ ತಿಳ್ಕ. ಮುದುಕಂಗೆ ಯಾರ ಕಣ್ಣೂ ಬೀಳ್ತಿಲ್ಲೆ."

ನನಗೆ ನಗು ಬರಲಿಲ್ಲ. ಬಂದಿದ್ದರೆ ಎಷ್ಟು ಒಳ್ಳೆಯದಿತ್ತು. ಕೋಲು ಒಂದು ಹೋದರೆ ಶಿವಣೆಯ ಕೊರಡು ಇನ್ನೂ ನಾಲ್ಕು ಇದ್ದವು. ಆದರೆ ನಾನು ಅಂದೇ ಸಂಜೆ ಮೊಬೈಲಿನಲ್ಲಿ ಹುಡುಕಲು ಕೂತೆ. ಹೇಳಿದಷ್ಟು ಹೆಜ್ಜೆ ಇಡುವ ಮೋಟಾರು, ಅದಕ್ಕೆ ಬುದ್ಧಿ ಹೇಳುವ ಪೆಟ್ಟಿಗೆ, ಪೆಟ್ಟಿಗೆಯ ಮೇಲೊಂದು ಸಣ್ಣ ಪರದೆ, ರೂಟರನ್ನು ಒತ್ತಿ ಹಿಡಿಯಲು ಒಂದು ಸ್ಪ್ರಿಂಗು. ಎಷ್ಟು ಗೀರು ಬೇಕು, ಎಷ್ಟು ಓರೆ ಬೇಕು ಅಂತ ಒತ್ತಿದರೆ ಸಾಕು. ಅಂಗಡಿಯಲ್ಲಿ ನೂರಾರು ಮೋಟಾರು ಬಿಚ್ಚಿ ಕಟ್ಟಿದವನಿಗೆ ಜೋಡಿಸುವುದು ಎರಡು ದಿನದ ಕೆಲಸ. ಹಿಡಿಕೆ ಬಿಚ್ಚಿ ಮೂಲೆಗಿಟ್ಟೆ.

ಗುರುವಾರ ಮಾಬ್ಲಣ್ಣ ಬಂದ. ಎಂದಿನ ಸ್ಟೂಲಿನ ಮೇಲೆ ಕೂತು ಕೈ ಚಾಚಿದ. ಹಿಡಿಕೆಯ ಜಾಗದಲ್ಲಿ ಕರಿಯ ಡಬ್ಬಿಯಂಥ ಮೋಟಾರು. ಚಾಚಿದ ಕೈಯಿಂದ ಮಂಡಿ ತುರಿಸಿಕೊಂಡ. ನಾನು ಗುಂಡಿ ಒತ್ತಿದೆ. ಹನ್ನೆರಡು ಗೀರನ್ನೂ ಅವನು ಎದ್ದೇಳದೆ ನೋಡಿದ. ಕೊನೆಯದಾದ ಮೇಲೆ ಕೋಲನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ಹೇಳಿದ:

"ಒಳ್ಳೇದಾಜು. ಇದಕ್ಕೆ ಬಾಯೂ ಇಲ್ಲೆ, ಅದು ಮತ್ತೂ ಒಳ್ಳೇದು."

"ಇನ್ನು ನಿಂಗೆ ಇಷ್ಟು ದೂರ ಬಪ್ಪ ಕಷ್ಟ ಇಲ್ಲೆ ಮಾಬ್ಲಣ್ಣಾ," ಅಂದೆ. "ಬಸ್ಸು ಕಾಯದು ಎಂತಕೆ. ಆರಾಮಾಗಿ ಮನೇಲಿ ಇರು."

ಉಪಕಾರ ಮಾಡುತ್ತಿದ್ದೇನೆ ಎಂಬ ದನಿಯಲ್ಲೇ ಹೇಳಿದೆ. ಒಳಗೆ ಇನ್ನೊಂದು ಯೋಚನೆಯೂ ಇತ್ತು, ಅದನ್ನು ಇಲ್ಲಿಯವರೆಗೆ ಸಾವಿತ್ರಿಗೂ ಹೇಳಿಲ್ಲ. ಅವನು ಬರುವುದು ನಿಂತರೆ ನಾನು ಹೋಗುವುದೂ ನಿಲ್ಲುತ್ತದೆ. ಇನ್ನು ಚಗಳಿ ಕಡಿಸಿಕೊಳ್ಳಬೇಕಿಲ್ಲ. ಒಂದು ಮೋಟಾರಿಗೆ ಎರಡು ಲಾಭ. ಗುಲಗಂಜಿ ಮಾರಿದ ಬುದ್ಧಿ ಅಷ್ಟು ಬೇಗ ಎಲ್ಲಿಗೆ ಹೋಗುತ್ತದೆ?

ಮಾಬ್ಲಣ್ಣ ಕೋಲನ್ನು ಮೆಲ್ಲಗೆ ಕೆಳಗಿಟ್ಟ.

"ಹಂಗಾರೆ ಮುಯ್ಯಾಳು ಚುಕ್ತಾ?"

"ಚುಕ್ತಾ," ಅಂದೆ, ನಗುತ್ತಾ. ಕೈ ಚಾಚಿದೆ. ಅವನು ಬಲಗೈಯಲ್ಲಿ ನನ್ನ ಕೈ ಹಿಡಿದು ಒಂದು ಸಲ ಅಲ್ಲಾಡಿಸಿದ. ಸಾವಿತ್ರಿ ಒಳಗಿಂದ ದೋಸೆ ತಂದಳು, ತಿಂದ, ಹನ್ನೊಂದರ ಬಸ್ಸಿಗೆ ಹೋದ. ಗರಟೆಗಳನ್ನು ಒಯ್ಯಲಿಲ್ಲ.

ಆಮೇಲಿನ ಮೂರು ತಿಂಗಳು ಯಂತ್ರ ಬಂಗಾರದಂತೆ ನಡೆಯಿತು. ಒಂದು ಕರಿ ಇಲ್ಲ, ಒಂದು ಸಿಗುಳಿಲ್ಲ. ಗುಂಡಿ ಒತ್ತಿ ನಾನು ಸ್ಟೂಲಿನ ಮೇಲೆ ಕೂರುತ್ತಿದ್ದೆ. ಮೊದಮೊದಲು ಅದರ ಓಟ ನೋಡುತ್ತಿದ್ದೆ. ಆಮೇಲೆ ಪೇಪರು ಓದತೊಡಗಿದೆ. ಆಮೇಲೆ ಒಳಗೆ ಹೋಗಿ ಚಹ ಕುಡಿದು ಬರತೊಡಗಿದೆ. ಬಂದು ನೋಡಿದರೆ ಕೆಲಸ ಮುಗಿದಿರುತ್ತಿತ್ತು. ಅಂಗಡಿಯಿಂದ ಕೊಂಡು ತಂದ ವಸ್ತುವಿನ ಹಾಗೆ ಅದನ್ನು ತಿರುಗಿಸಿ ನೋಡಿ ಕಪಾಟಿನಲ್ಲಿಡುತ್ತಿದ್ದೆ. ಹಲ್ಲಿಯನ್ನು ಕಂಡ ಅಜ್ಜಿ ಆಮೇಲೆ ಏನು ಮಾಡಿದಳು ಎಂದು ಕೆಲವು ಸಲ ನೆನಪಾಗುತ್ತಿತ್ತು. ಮುಂದೆ ಸಿಕ್ಕಾಗ ಕೇಳಿದರಾಯಿತು ಅಂದುಕೊಳ್ಳುತ್ತಿದ್ದೆ.

ಮಿಡಿಯ ಹಂಗಾಮು ಬಂತು. ಅವನ ಫೋನು ಬರಲಿಲ್ಲ. ಬಾರದ್ದು ನನಗೆ ತಿಳಿಯಲೂ ಇಲ್ಲ. ಫೋನು ಬಂದದ್ದು ಸಾವಿತ್ರಿಗೆ, ಮಾಬ್ಲಣ್ಣನ ಹೆಂಡತಿ ಗಂಗಕ್ಕನಿಂದ, ಎಲ್ಲ ಆಗಿ ಎಂಟು ದಿನದ ಮೇಲೆ. ಒಬ್ಬನೇ ಹೋಗಿ ಮರ ಹತ್ತಿದ್ದಾನೆ. ಹಗ್ಗದ ಕೆಳತುದಿಯನ್ನು ಒಂದು ಬೇರಿಗೆ ಕಟ್ಟಿ, ಮೇಲಿನಿಂದ ತಾನೇ ಚೀಲ ಬಿಟ್ಟಿದ್ದಾನೆ. ಚೀಲ ನಡುವೆ ಒಂದು ಟೊಂಗೆಗೆ ಸಿಕ್ಕಿಕೊಂಡಿದೆ. ಕೆಳಗೆ ಆಳಿದ್ದರೆ ಹಗ್ಗವನ್ನು ಒಂದು ಸಲ ಜಗ್ಗಿ ಬಿಟ್ಟರೆ ಮುಗಿಯುತ್ತಿತ್ತು. ಅದನ್ನು ಬಿಡಿಸಲು ಬಗ್ಗಿದವನು ಹೊಳೆಯ ಕಲ್ಲಿನ ಮೇಲೆ ಬಿದ್ದಿದ್ದಾನೆ, ಬಲಗೈ ಅಡಿಗಾಗಿ.

ಮರುದಿನವೇ ಹೋದೆ. ಜಗಲಿಯ ಮಂಚದ ಮೇಲೆ ಕೂತಿದ್ದ. ಭುಜದಿಂದ ಬೆರಳಿನವರೆಗೆ ಬ್ಯಾಂಡೇಜು. ಮೊಣಕೈಯೊಳಗೆ ಸರಳು ಕೂರಿಸಿದ್ದಾರಂತೆ. ನನ್ನನ್ನು ನೋಡಿ ಮುಖ ಅರಳಿಸಿದ.

"ಬಾ ಬಾ. ಯಂಗೂ ಉಕ್ಕಿನ ಹಳಿ ಹಾಕಿಸ್ಕ್ಯಂಡಾತು, ನೋಡು. ನಿನ್ನ ಲೇತಿನ ಹಾಂಗೆ."

ನನಗೆ ಕೂರಲು ಆಗಲಿಲ್ಲ. "ಎಂತಕೆ ಯನ್ನ ಕರದ್ದಿಲ್ಲೆ ಮಾಬ್ಲಣ್ಣಾ?"

"ಹ್ಯಾಂಗೆ ಕರೆಯದು? ನಿನ್ನ ಮೇಲೆ ಯನ್ನ ಆಳು ಒಂದೂ ಬಾಕಿ ಇತ್ತಿಲ್ಲೆ ಅಲ್ದಾ."

ಕೋಪದಲ್ಲಿ ಹೇಳಿದ್ದಾದರೆ ಉತ್ತರ ಕೊಡಬಹುದಿತ್ತು. ವ್ಯಾಪಾರದಲ್ಲಿ ಸಿಟ್ಟು ಮಾಡುವವನನ್ನು ನಿಭಾಯಿಸುವುದು ನನಗೆ ಗೊತ್ತು. ಇವನು ಬಸ್ಸಿನ ಹೊತ್ತು ಹೇಳಿದ ಹಾಗೆ ಹೇಳಿದ. ಕ್ರಮ ಇರುವುದೇ ಹಾಗೆ, ಕೊಡದೆ ಕೇಳುವ ಹಾಗಿಲ್ಲ. ನಾವಿಬ್ಬರೂ ಕೈ ಕುಲುಕಿ ಮುಗಿಸಿದ ಮೇಲೆ ಇನ್ನೇನಿದೆ? ಗಂಗಕ್ಕ ಮಾತ್ರ ಚಹದ ಲೋಟವನ್ನು ನನ್ನೆದುರು ಸ್ವಲ್ಪ ಜೋರಾಗಿಯೇ ಇಟ್ಟಳು.

"ನಿಂಗಳ ಮೋಟ್ರಿಗೆ ಹಗ್ಗ ಹಿಡಿಯಲೆ ಬತ್ತನ ಶ್ರೀಪಾದಣ್ಣಾ? ಬಪ್ಪದಾದ್ರೆ ಬಪ್ಪ ವರ್ಷ ಅದನ್ನಾದ್ರೂ ಕಳ್ಸಿ."

"ಸುಮ್ನಿರೇ," ಅಂದ ಮಾಬ್ಲಣ್ಣ. ಲೋಟ ನನ್ನ ಕೈಯಲ್ಲೇ ಆರಿತು.

ಸುಧಾರಿಸುವ ಜಾತಕದವನು ಏನು ಮಾಡುತ್ತಾನೆ? ಮನೆಗೆ ಬಂದು ಮೋಟಾರು ಬಿಚ್ಚಿದೆ. ಬ್ಯಾಂಡೇಜು ಬಿಚ್ಚುವ ಹೊತ್ತಿಗೆ ಎಡಗೈಗೆ ಒಗ್ಗುವ ಹಾಗೆ ಹೊಸ ಹಿಡಿಕೆ ಮಾಡಿಟ್ಟೆ. ಗಾಲಿಯ ಹಲ್ಲು ಹೆಚ್ಚಿಸಿ ಭಾರ ಕಡಿಮೆ ಮಾಡಿದೆ, ಹಿಡಿಕೆಗೆ ಹತ್ತಿಬಟ್ಟೆ ಸುತ್ತಿದೆ, ಕೈ ಓಡಿದರೆ ತಡೆಯಲು ಭಾರದ ಗಾಲಿ ಕೂರಿಸಿದೆ. ನನ್ನ ಜೀವಮಾನದಲ್ಲಿ ಅಷ್ಟು ಚೆಂದದ ಕೆಲಸ ಮಾಡಿಲ್ಲ. ಹೋಗಿ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದೆ. ಬಲಗೈಯನ್ನು ಎದೆಗೆ ಒತ್ತಿಕೊಂಡು ಕೂತಿದ್ದ. ಆ ಕೈ ಇನ್ನು ಮಡಚುವುದಿಲ್ಲ, ಬೆರಳು ಮುಚ್ಚುವುದಿಲ್ಲ ಅಂತ ಡಾಕ್ಟರು ಹೇಳಿಯಾಗಿತ್ತು.

ಸ್ಟೂಲಿನ ಮೇಲೆ ಕೂತ. ಎಡಗೈಯಲ್ಲಿ ಹಿಡಿಕೆ ಹಿಡಿದ. ನಾನು ರೂಟರ್ ಹಚ್ಚಿದೆ. ಹಿಡಿಕೆ ಹೋಯಿತು, ತಡೆಯಿತು, ಎಗರಿತು, ಮತ್ತೆ ತಡೆಯಿತು. ಮರ ಸಿಗಿದು, ಸುಟ್ಟು, ಗೀರು ಹಾವಿನ ಹಾಗೆ ಹೊರಳಿತು. ನಾನು ರೂಟರಿನಿಂದ ಕಣ್ಣೆತ್ತಲಿಲ್ಲ. ಚೆನ್ನಾಗಿ ಬರುತ್ತಿದೆ ಅಂದೆ. ಇನ್ನೊಂದು ನೋಡೋಣ ಅಂದೆ. ಮೂರನೆಯ ಗೀರಿಗೆ ಅವನು ತಾನೇ ಸ್ವಿಚ್ಚು ಆರಿಸಿದ.

"ಬ್ಯಾಡ ಶ್ರೀಪಾದಾ. ಮರ ಹಾಳು."

"ಹಾಳಾಗ್ಲಿ. ಯನ್ನ ಮರ ಅಲ್ದಾ! ಅಭ್ಯಾಸ ಆಪಲ್ಲಿವರೆಗೆ ಹತ್ತು ಕೊರಡು ಹೋದ್ರೂ ಹೋಗ್ಲಿ."

"ಈ ಕೈ ಬರೀ ಬಡಿಸಿದ್ದು ಮಾರಾಯಾ. ಹಲ್ವ ತಿರುಗಿಸಿದ್ದು ಆ ಕೈ."

ಆ ಕೈಯನ್ನು ಇಬ್ಬರೂ ನೋಡಿದೆವು. ಅದು ತೊಡೆಯ ಮೇಲೆ ಯಾರೋ ಇಟ್ಟು ಹೋದ ಹಾಗೆ ಬಿದ್ದಿತ್ತು. ಆ ದಿನ ನಾನು ಹಲ್ಲಿಯ ಕಥೆಯನ್ನೂ ಕೇಳಿದೆ, ಅಜ್ಜಿ ಆಮೇಲೆ ಏನು ಮಾಡಿದಳು ಅಂತ. ಅವನು "ಯಾವ ಅಜ್ಜಿ?" ಅಂದ. ಕೈ ತಿರುಗದೆ ಅವನಿಗೆ ಕಥೆ ಬರುತ್ತಿರಲಿಲ್ಲವೋ, ನನಗೆ ಹೇಳಬೇಕು ಅನಿಸಲಿಲ್ಲವೋ, ತಿಳಿಯಲಿಲ್ಲ.

ನಾನು ಉಪದೇಶ ಮಾಡುವುದರಲ್ಲಿ ಹಿಂದೆ ಬಿದ್ದವನಲ್ಲ. ಯಾವ ಅಂಗಡಿಯಲ್ಲಿ ಯಾವಾಗ ಕೊಳ್ಳಬೇಕು, ಯಾವ ಮೋಟಾರು ಬಾಳಿಕೆ, ಬೆಲೆ ಕೇಳಿದ ಮೇಲೆ ಎಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರಬೇಕು, ಎಲ್ಲ ಹೇಳಿಕೊಡುತ್ತೇನೆ. ಆದರೆ ಇದೊಂದಕ್ಕೆ ನನ್ನ ಹತ್ತಿರ ಹೇಳುವುದೇನೂ ಇಲ್ಲ. ಇಬ್ಬರು ಬೇಕಾದ ಯಂತ್ರವನ್ನು ಒಬ್ಬನೇ ನಡೆಸುವ ಹಾಗೆ ಮಾಡುವುದು ಬಲು ಸುಲಭ. ಮತ್ತೆ ಇಬ್ಬರದ್ದಾಗಿ ಮಾಡಲು ಯಾವ ಗುಜರಿಯಲ್ಲೂ ಸಾಮಾನು ಸಿಗುವುದಿಲ್ಲ, ಹುಡುಕಿ ನೋಡಿದ್ದೇನೆ.

ಈ ವರ್ಷ ಮಿಡಿಯ ಹಂಗಾಮಿಗೆ ಕರೆಯದೆಯೇ ಹೋದೆ. ಹಳೇ ಅಂಗಿ, ತಲೆಗೆ ಟವೆಲು. ಮಾಬ್ಲಣ್ಣ ಜಗಲಿಯಲ್ಲಿ ಎಡಗೈಯಲ್ಲಿ ಮಿಡಿಯ ತೊಟ್ಟು ಆರಿಸುತ್ತಿದ್ದ. ಮರವನ್ನು ಕೊಯ್ಯುವವರಿಗೆ ಪಾಲಿಗೆ ಕೊಟ್ಟಿದ್ದಾನಂತೆ. ಅವರೇ ಹತ್ತಿ, ಅವರೇ ಇಳಿಸಿ, ಇವನ ಪಾಲನ್ನು ತಂದು ಹಾಕುತ್ತಾರೆ.

"ಅವರು ಬ್ಯಾಡ," ಅಂದೆ. "ಹತ್ತಂವನ್ನ ಆನು ಗೊತ್ತು ಮಾಡ್ತೆ. ಹಗ್ಗಕ್ಕೆ ಆನೇ ಬತ್ತೆ. ಎಷ್ಟು ದಿನ ಆದ್ರೂ ಸೈ."

"ಬ್ಯಾಡ."

"ಎಂತಕೆ ಬ್ಯಾಡ?"

"ತಿರುಗಿ ಕೊಡಲೆ ಯನ್ನ ಹತ್ರ ಎಂತ ಇದ್ದು?"

"ಎಂತದೂ ಬ್ಯಾಡ! ಲೇತಿನ ಹತ್ರ ಬಂದು ಕೂತ್ಗ, ಸಾಕು. ಕೂತದ್ದಕ್ಕೂ ಒಂದು ಆಳು ಹೇಳಿ ಹಿಡಿವ."

"ಕೂಪದು ಕೆಲಸ ಅಲ್ಲ."

"ಅರ್ಧ ಆಳು."

ಅವನು ತಲೆಯಲ್ಲಾಡಿಸಿದ.

"ಎರಡು ದಿನ ಕೂತದ್ದಕ್ಕೆ ಒಂದು ದಿನ ಹಗ್ಗ. ಹೋಗ್ಲಿ, ನಾಲ್ಕಕ್ಕೆ ಒಂದು."

ಆಯುಷ್ಯವಿಡೀ ಎದುರಿನವನನ್ನು ಒಂದೊಂದು ಮೆಟ್ಟಿಲು ಇಳಿಸಿ ಕೊಂಡವನು ನಾನು. ಅವತ್ತು ನಾನೇ ಒಂದೊಂದು ಮೆಟ್ಟಿಲು ಇಳಿಯುತ್ತ ಹೋದೆ, ಅವನು ಇದ್ದಲ್ಲೇ ಇದ್ದ. ಏನೂ ಬೇಡದವನ ಎದುರು ಚೌಕಾಸಿ ಮಾಡುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. ಕೊನೆಗೆ ನಾಲಿಗೆ ಒಣಗಿ, ಹೋದ ವರ್ಷದ ಉಪ್ಪಿನಕಾಯಿಯನ್ನಾದರೂ ಕೊಡು, ಒಂದು ದಿನದ ಹಗ್ಗಕ್ಕೆ ಒಂದು ಭರಣಿ ಅಂತ ಇಟ್ಟುಕೊಳ್ಳೋಣ ಅಂದೆ.

"ಉಪ್ಪಿನಕಾಯಿ ಮಾರಲೆ ಇಟ್ಟದ್ದು ಇದ್ದು," ಅಂದ. "ಬೇಕಾದ್ರೆ ತಗ."

ಕ್ರಯ ಹೇಳಿದ. ಅಂಗಡಿಗೆ ಕೊಡುವ ಕ್ರಯವೇ, ಒಂದು ಕಾಸು ಕಡಿಮೆಯಿಲ್ಲ, ಹೆಚ್ಚಿಲ್ಲ. ಒಳಗೆ ಹೋಗಿ ಗಂಗಕ್ಕನಿಂದ ಭರಣಿಗೆ ಬಟ್ಟೆ ಕಟ್ಟಿಸಿಕೊಂಡು ತಾನೇ ತಂದ. ನಾನು ಎದ್ದು ನಿಂತೆ. ಹಣ ಮಂಚದ ಮೇಲಿಟ್ಟೆ. ಅವನು ಭರಣಿಯನ್ನು ನನ್ನ ಕಡೆ ಚಾಚಿದ, ಚಾಚಿದವನು ಒಂದು ಕ್ಷಣ ತಡೆದ. ಹೊರಗಿನಿಂದ ಬಂದ ಯಾವ ಗಿರಾಕಿಗೂ ಹೇಳುತ್ತಿದ್ದಿರಬಹುದಾದ ಮಾತನ್ನು ಅದೇ ಮರ್ಯಾದೆಯಲ್ಲಿ ಹೇಳಿದ:

"ಎಡಗೈಲಿ ಕೊಡ್ತೆ ಹೇಳಿ ತಪ್ಪು ತಿಳ್ಕಳಡ."